ಬಾವಿಯ ಗೆಂಡೆ, ತೊಟ್ಟಿಯ ಗೆಂಡೆ

ತಿಪಟೂರು
18-10-1981

ದ್ರಾಕ್ಷಾಯಿಣಿಗೆ,

ನಿನ್ನ ಮೊದಲ ಕಾಗದ ಬಂತು. ‘ನಾವೆಲ್ಲ ಕ್ಷೇಮ’ ಅನ್ನೋ ಸಾಲು ನಾನು ದೆಹಲಿ ಸೇಟುಗಳಿಗೆ ಬರೆಯೋದು. ಅದಾದ ಮೇಲೆ ಕೊಬ್ಬರಿ ಕಳಪೆ, ತೂಕ ಕಮ್ಮಿ ಅಂತ ಜಗಳ ಶುರುವಾಗುತ್ತೆ. ಅದಕ್ಕೇ ನಿನಗೆ ಅದನ್ನ ಬರೆಯೋದಿಲ್ಲ. ಅಮ್ಮನಿಗೆ ಕಾಲುನೋವು ಇದ್ದೇ ಇದೆ. ನಾನು ಕೊಬ್ಬರಿ ಮಂಡಿಗೆ ಹೋಗ್ತೀನಿ, ಬತ್ತೀನಿ, ಉಣ್ತೀನಿ.

ಬೀದಿಯವರೆಲ್ಲ ಕೇಳ್ತಾರೆ, ‘ನಿಮ್ಮನೆಯೋರು ಸ್ಕಾಟ್ಲೆಂಡಿಗೆ ಹೋಗಿ ಏನು ಓದ್ತಾರಂತೆ?’ ನೀರಿನ ವಿಚಾರ ಅಂತ ಹೇಳಿದೀನಿ. ಅಮ್ಮನಿಗೂ ಅದನ್ನೇ ಹೇಳಿದ್ದು. ಮೀನು ಅಂದಿದ್ರೆ, ಲಿಂಗ ಕಟ್ಟಿದ ಮನೆ ಸೊಸೆ ಮೀನು ಕೊಯ್ಯೋಕೆ ವಿಮಾನ ಹತ್ತಿದಳು ಅಂತ ಸಂಜೆಯೊಳಗೆ ಹಾಲ್ಕುರಿಕೆಯ ನಿನ್ನ ತವರಿಗೂ ಮುಟ್ಟಿರೋದು. ಇದನ್ನ ಸುಳ್ಳು ಅನ್ನೋಕಾಗಲ್ಲ. ಮೀನು ಇರೋದು ನೀರಲ್ಲೇ ತಾನೇ.

ಎಂಟು ವರ್ಷದ ಸಂಸಾರದಲ್ಲಿ ಕಾಲೇಜಿನಲ್ಲಿ ನೀನು ಏನು ಪಾಠ ಮಾಡ್ತೀಯ ಅಂತ ನಾನು ಕೇಳಿದೋನಲ್ಲ. ಏಳನೇ ಕ್ಲಾಸಿಗೆ ಸ್ಲೇಟು ಬಿಟ್ಟು ಮೂಟೆ ಹೊತ್ತವನು, ಕೇಳಿದರೆ ಗೊತ್ತಾಗಬೇಕಲ್ಲ ಅಂತ ಸುಮ್ಮನಿದ್ದೆ. ಈಗ ಕೇಳ್ತೀನಿ. ಒಂದು ವರ್ಷ ಕೂತು ನೋಡುವಂಥಾದ್ದು ಆ ಮೀನಿನಲ್ಲಿ ಏನಿದೆ?

ಅಮ್ಮ ನಿನಗೆ ಮಡಿಲು ತುಂಬಿದ ಕಾಯಿ ನಾನೇ ಅಟ್ಟದ ರಾಶಿಯಿಂದ ಆರಿಸಿದ್ದು. ಒಡೀಬೇಡ. ಬೆಚ್ಚಗಿರೋ ಕಡೆ ಇಟ್ಟು ಆಗಾಗ ಕಿವಿ ಹತ್ರ ಹಿಡಿದು ಅಲ್ಲಾಡಿಸು. ಈಗ ಗುಳುಗುಳು ಅನ್ನುತ್ತೆ, ಒಳಗೆ ನೀರಿದೆ. ಆಮೇಲೆ ಕೆಲವು ಕಾಲ ಏನೂ ಅನ್ನೋದಿಲ್ಲ. ಕೊನೆಗೆ ಗಡಗಡ ಅನ್ನುತ್ತೆ. ಅಂದ್ರೆ ಕೊಬ್ಬರಿ ಉಂಡೆ ಕಟ್ಟಿ ಚಿಪ್ಪು ಬಿಟ್ಟಿದೆ ಅಂತ. ಅದಕ್ಕೆ ಹನ್ನೊಂದು ತಿಂಗಳು ಬೇಕು. ಅಷ್ಟರಲ್ಲಿ ನಿನ್ನ ರಜೆಯ ವರ್ಷವೂ ಮುಗಿಯುತ್ತೆ. ವಾಪಸು ತಾ, ಇಲ್ಲೇ ಒಡೆಯೋಣ.

ತೋಂಟದಾರ್ಯ


ಸರೋವರದ ಸಂಶೋಧನಾ ಠಾಣೆ, ಸ್ಕಾಟ್ಲೆಂಡ್
9-11-1981

ರೀ,

ಕಾಗದದಲ್ಲೂ ನಿಮ್ಮ ಹೆಸರು ಬರೆಯಲು ಕೈ ಬರುವುದಿಲ್ಲ, ಹೀಗೇ ಕರೆಯುತ್ತೇನೆ. ಲಂಡನ್ನಿನಲ್ಲಿ ಸುಂಕದವನು ಪೆಟ್ಟಿಗೆ ಬಿಚ್ಚಿ, ಸಿಪ್ಪೆ ಸುಲಿಯದ ತೆಂಗಿನಕಾಯಿ ಹಿಡಿದು ಇದೇನೆಂದು ಕೇಳಿದ. ನಮ್ಮ ಅತ್ತೆ ಕೊಟ್ಟದ್ದು ಎಂದೆ. ಏನು ಅರ್ಥವಾಯಿತೋ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ.

ನೀವು ಕೇಳಿದಿರಿ. ಈ ಎಂಟು ವರ್ಷದಲ್ಲಿ ಮೊದಲ ಸಲ. ಅದಕ್ಕೆ ಪೂರ್ತಿ ಬರೆಯುತ್ತೇನೆ.

ಹತ್ತು ಸಾವಿರ ವರ್ಷದ ಹಿಂದೆ ಈ ಸೀಮೆಯೆಲ್ಲ ಹಿಮದ ಅಡಿಯಲ್ಲಿತ್ತಂತೆ. ಹಿಮ ಕರಗಿದಾಗ ಸಮುದ್ರದಿಂದ ಚಾರ್ ಎನ್ನುವ ಮೀನು ಹೊಳೆ ಹತ್ತಿ ಬಂದು ಇಂಥ ಸರೋವರಗಳಲ್ಲಿ ಉಳಿದುಕೊಂಡಿತು. ಬಂದದ್ದು ಒಂದೇ ಜಾತಿಯ ಮೀನು. ಈಗ ಬಲೆ ಎತ್ತಿದರೆ ಎರಡು ಥರ ಸಿಗುತ್ತದೆ. ಮೇಲಿನ ನೀರಿನದು ಬೆಳ್ಳಿ ಬಣ್ಣ, ಸಣ್ಣ ತಲೆ, ಚೂಪು ಮೂತಿ; ತೇಲುವ ಸಣ್ಣ ಹುಳು ತಿನ್ನುತ್ತದೆ. ತಳದ್ದು ಕಂದು, ಮೊಂಡು ಮೂತಿ, ಕತ್ತಲಲ್ಲಿ ಹುಡುಕುವುದಕ್ಕೆ ದೊಡ್ಡ ಕಣ್ಣು. ಕೆಸರಿನ ಹುಳು, ಬಸವನಹುಳು ತಿನ್ನುತ್ತದೆ. ಮೊಟ್ಟೆ ಇಡುವುದೂ ಬೇರೆ ಬೇರೆ ಕಡೆ. ಅವುಗಳ ನಡುವೆ ಗೋಡೆ ಇಲ್ಲ, ಬೇಲಿ ಇಲ್ಲ. ಒಂದೇ ನೀರಿನಲ್ಲಿದ್ದು ಹೇಗೆ ಬೇರೆಯಾದವು? ಇಷ್ಟೇ ನಮ್ಮ ಪ್ರಶ್ನೆ.

ಇಲ್ಲಿ ಮಧ್ಯಾಹ್ನ ಕಾಫಿ ಹೊತ್ತಿಗೇ ಕತ್ತಲು. ಓಟ್ಸ್ ಗಂಜಿ, ಆಲೂಗಡ್ಡೆ. ರಾಗಿ ಮುದ್ದೆಯ ವಾಸನೆ ನೆನಪಾಗಿ ನಿನ್ನೆ ಸುಮ್ಮನೆ ಅಳು ಬಂತು. ಮುದ್ದೆಗೆ ಅಳುವವಳೆಂದು ಅತ್ತೆಗೆ ಹೇಳಬೇಡಿ.

ನಿಮ್ಮ
ದ್ರಾಕ್ಷಾಯಿಣಿ


ತಿಪಟೂರು
30-12-1981

ದ್ರಾಕ್ಷಾಯಿಣಿ,

ನಿನ್ನ ಕಾಗದವನ್ನ ಮಂಡಿಯಲ್ಲಿ ಗದ್ದಿಗೆ ಮೇಲೆ ಕೂತು ಎಷ್ಟು ಸಲ ಓದಿದೆನೋ. ಗುಮಾಸ್ತ ಕೆಂಚಯ್ಯ, ಬೆಂಗಳೂರಿನ ರೇಟು ಬಿದ್ದು ಹೋಯ್ತೇನೋ ಅಂತ ಗಾಬರಿಯಾದ.

ನಾನು ಯಾವುದನ್ನೂ ಕಣ್ಣಾರೆ ನೋಡದೆ ನಂಬೋನಲ್ಲ. ಹೊನ್ನವಳ್ಳಿ ಕೆರೇಲಿ ಬಲೆ ಹಾಕೋ ದುರ್ಗಯ್ಯನ್ನ ಕರೆಸಿದೆ.

‘ಒಂದು ಕೊಡ ಗೆಂಡೆಮೀನಿನ ಮರಿ ಬೇಕಲ್ಲಾ’ ಅಂದೆ.

‘ಯಾರ್ಗೆ ಯಜಮಾನ್ರೇ?’

‘ನಂಗೇ ಕಣ್ಲಾ.’

‘ಶಿವ ಶಿವಾ. ಯಾವತ್ತಿಂದ ಶುರು ಹಚ್ಕಂಡ್ರಿ?’

‘ತಿನ್ನೋಕಲ್ಲ ಕಣ್ಲಾ, ಸಾಕೋಕೆ.’

‘ಮೊದ್ಲು ಎಲ್ರೂ ಹಂಗೇ ಅನ್ನೋದು, ಬುಡಿ’ ಅಂತ ನಕ್ಕು ಕೊಡ ಹೊತ್ತು ಹೋದ.

ತಂದ ಮರಿಗಳಲ್ಲಿ ಅರ್ಧ ಹಿತ್ತಲ ಬಾವಿಗೆ, ಅರ್ಧ ತೋಟದ ಪಂಪ್‌ಸೆಟ್ಟಿನ ತೊಟ್ಟಿಗೆ ಬಿಟ್ಟೆ. ಬಾವಿ ನಿನಗೆ ಗೊತ್ತಲ್ಲ, ಮಧ್ಯಾಹ್ನವೂ ಕತ್ತಲು. ಅವು ಅಲ್ಲಿ ಸಿಕ್ಕಿದ್ದು ತಿನ್ನಲಿ. ತೊಟ್ಟಿಯವಕ್ಕೆ ಬಿಸಿಲಿದೆ, ಬೆಳಗ್ಗೆ ನಾನೇ ಕೊಬ್ಬರಿ ಹಿಂಡಿ ಉದುರಿಸ್ತೀನಿ. ನೀನು ಬರೋ ಹೊತ್ತಿಗೆ ಎರಡು ಥರ ಮೀನು ತಯಾರಿರಬೇಕು. ಕಾಯಿ ಕೊಬ್ಬರಿಯಾಗೋಕೆ ಹನ್ನೊಂದು ತಿಂಗಳು ಸಾಕು, ಮೀನಿಗೆ ಅದಕ್ಕಿಂತ ಜಾಸ್ತಿ ಯಾಕೆ ಬೇಕು?

ಅಮ್ಮನಿಗೆ, ಬಾವಿ ನೀರು ಶುದ್ಧಿಗೆ ಅಂತ ಹೇಳಿದೀನಿ. ಅಂದ ಹಾಗೆ, ಒಂದು ಮರಿ ಪೂರ್ತಿ ಬೆಳೆದು ತಾನೂ ಮೊಟ್ಟೆ ಇಡೋಕೆ ಎಷ್ಟು ಕಾಲ ಹಿಡಿಯುತ್ತೆ ಬರೆ. ನಮ್ಮ ಗೆಂಡೆಯದು ದುರ್ಗಯ್ಯ ಹೇಳ್ತಾನೆ. ನಿನ್ನ ಮೀನಿನದು ಬರೆ.

ತೋಂಟದಾರ್ಯ


ಸರೋವರದ ಠಾಣೆ
2-2-1982

ರೀ,

ಠಾಣೆಯಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ನಕ್ಕುಬಿಟ್ಟೆ. ಇಲ್ಲಿ ನನಗೆ ಕೆಲಸ ಹೇಳಿಕೊಡುವ ಪ್ರೊಫೆಸರಮ್ಮ ಏನೆಂದು ಕೇಳಿದರು. ನಮ್ಮ ಯಜಮಾನರು ಹತ್ತು ಸಾವಿರ ವರ್ಷದ ಕೆಲಸವನ್ನು ಹನ್ನೊಂದು ತಿಂಗಳಿಗೆ ಗುತ್ತಿಗೆ ಹಿಡಿದಿದ್ದಾರೆ ಎಂದು ಹೇಳಿದೆ. ಅವರು ನಗಲಿಲ್ಲ. ಕೊಬ್ಬರಿ ಹಿಂಡಿ ಎಂದರೇನು, ತೊಟ್ಟಿ ಎಷ್ಟು ಆಳ ಎಂದೆಲ್ಲ ವಿಚಾರಿಸಿದರು.

ಇಲ್ಲಿಯ ಚಳಿಯಲ್ಲಿ ಚಾರ್ ಬಲಿಯುವುದಕ್ಕೆ ನಾಲ್ಕು ವರ್ಷ. ಅಕ್ಟೋಬರಿನಲ್ಲಿ ಎರಡೂ ಥರದ ಮೀನಿನಿಂದ ಮೊಟ್ಟೆ ತೆಗೆದು ತಟ್ಟೆಗಳಲ್ಲಿ ಇಟ್ಟಿದ್ದೆವು. ಈಗ ಒಂದೊಂದು ಮೊಟ್ಟೆಯೊಳಗೂ ಎರಡು ಕಪ್ಪು ಕಣ್ಣು ಮೂಡಿದೆ. ಅವು ನನ್ನ ವಶ. ಸತ್ತ ಮೊಟ್ಟೆ ಬೆಳ್ಳಗಾಗುತ್ತದೆ, ಅದನ್ನು ಚಿಮ್ಮಟದಿಂದ ಎತ್ತಿ ತೆಗೆಯಬೇಕು. ಇಲ್ಲದಿದ್ದರೆ ಪಕ್ಕದವೂ ಕೆಡುತ್ತವೆ. ನೀವು ಅಟ್ಟದಲ್ಲಿ ಕೆಟ್ಟ ಕಾಯಿ ಎತ್ತುವುದು ನೆನಪಾಗುತ್ತದೆ.

ನಿಮ್ಮ ಕಾಯಿ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿದೆ. ಇನ್ನೂ ಗುಳುಗುಳು.

ದ್ರಾಕ್ಷಾಯಿಣಿ


ತಿಪಟೂರು
21-3-1982

ದ್ರಾಕ್ಷಾಯಿಣಿ,

ಹತ್ತು ಸಾವಿರ ವರ್ಷ ಅನ್ನೋದು ನೀನು ಮೊದಲೇ ಬರೆದಿದ್ದೆ, ನಾನೇ ಅದನ್ನ ಹಿಮದ ಲೆಕ್ಕಕ್ಕೆ ಸೇರಿಸಿ ಮೀನಿನ ಲೆಕ್ಕಕ್ಕೆ ಸೇರಿಸಿರಲಿಲ್ಲ. ಆದ್ರೂ ಕೇಳು. ತೊಟ್ಟಿಯ ಗೆಂಡೆ ದುಂಡಗಾಗಿ ಹೊಳೀತಿವೆ. ಬಾವಿಯವನ್ನ ಬುಟ್ಟಿ ಇಳಿಬಿಟ್ಟು ಎತ್ತಿ ನೋಡಿದೆ. ಬಡಕಲು, ಮೈ ಕಪ್ಪು, ಕಣ್ಣು ದೊಡ್ಡವು. ನಿಮ್ಮ ಪ್ರೊಫೆಸರಮ್ಮನಿಗೆ ಹೇಳು, ತಿಪಟೂರಿನೋರು ಜೋರು ಅಂತ.

ಮಾಲು ಜೋರಾಗಿ ಬರ್ತಿದೆ. ತಮ್ಮ ಬಸವರಾಜಪ್ಪ ದಂಡಿನಶಿವರದಿಂದ ಬಂದು ಮಂಡೀಲಿ ಜೊತೆಗಿದ್ದಾನೆ. ಈ ಸಲ ಯುಗಾದಿಗೆ ಒಬ್ಬಟ್ಟು ಅಮ್ಮನೇ ತಟ್ತಾಳಂತೆ.

ಬೇರೆ ಏನಿಲ್ಲ.

ತೋಂಟದಾರ್ಯ


ಸರೋವರದ ಠಾಣೆ
25-4-1982

ರೀ,

ಮೊಟ್ಟೆಯೊಡೆದು ಮರಿ ಬಂದಿವೆ. ಎರಡೂ ಥರದ ಮರಿಗಳನ್ನು ಒಂದೇ ರೀತಿಯ ತೊಟ್ಟಿ, ಒಂದೇ ನೀರು, ಒಂದೇ ಆಹಾರದಲ್ಲಿ ಬೆಳೆಸುತ್ತಿದ್ದೇವೆ. ಹಾಗೆ ಬೆಳೆದ ಮೇಲೂ ಒಂದಕ್ಕೆ ಕಣ್ಣು ದೊಡ್ಡದಾಗಿಯೇ ಇರುತ್ತದೆಯೇ, ಇನ್ನೊಂದರ ಮೂತಿ ಚೂಪಾಗಿಯೇ ಇರುತ್ತದೆಯೇ, ಅವು ಬಲಿತಾಗ ನಾನೇ ಅಳೆದು ನೋಡುತ್ತೇನೆ. ಅವುಗಳ ಮುಂದೆ ನಿಂತರೆ ಊಟದ ಹೊತ್ತು ಮರೆತುಹೋಗುತ್ತದೆ.

ಒಂದು ಮಾತು ಹೇಳಲೇ? ನಿಮ್ಮ ಕಾಗದಗಳಲ್ಲಿ ಬಾವಿಯ ಗೆಂಡೆ ಇದೆ, ತೊಟ್ಟಿಯ ಗೆಂಡೆ ಇದೆ, ಕೊಬ್ಬರಿ ಇದೆ. ನೀವು ಇಲ್ಲ. ನಾನಿಲ್ಲದೆ ಹಾಯಾಗಿದ್ದೀರಿ ಎಂದುಕೊಳ್ಳುತ್ತೇನೆ.

ದ್ರಾಕ್ಷಾಯಿಣಿ


ತಿಪಟೂರು
14-5-1982

ದ್ರಾಕ್ಷಾಯಿಣಿ,

ನಾನು ವ್ಯಾಪಾರದೋನು. ನನ್ನ ಮುಂದೆ ಎರಡು ಚೀಟಿ ಇಟ್ಟರೆ ಕೂಡದೆ ಇರೋಕಾಗಲ್ಲ.

ಚಾರ್ ಬಲಿಯೋಕೆ ನಾಲ್ಕು ವರ್ಷ ಅಂತ ನೀನು ಫೆಬ್ರವರೀಲಿ ಬರೆದೆ. ಈ ಮರಿಗಳು ಬಲಿತಾಗ ನಾನೇ ಅಳೆದು ನೋಡ್ತೀನಿ ಅಂತ ಏಪ್ರಿಲ್‌ನಲ್ಲಿ ಬರೆದೆ. ನಿನ್ನ ವಾಪಸು ಟಿಕೆಟ್ಟು ಸೆಪ್ಟೆಂಬರಿನದು, ನಾನೇ ಕೈಯಾರೆ ನಿನ್ನ ಬ್ಯಾಗಿನಲ್ಲಿ ಇಟ್ಟದ್ದು.

ಲೆಕ್ಕ ತಾಳೆಯಾಗ್ತಿಲ್ಲ ಕಣೇ.

ತೋಂಟದಾರ್ಯ


ತಿಪಟೂರು
20-7-1982

ದ್ರಾಕ್ಷಾಯಿಣಿ,

ಮೇ ತಿಂಗಳ ಕಾಗದಕ್ಕೆ ಉತ್ತರ ಬರಲಿಲ್ಲ. ಪೋಸ್ಟ್‌ಮ್ಯಾನ್ ಈಗೀಗ ನನ್ನ ಮುಖ ನೋಡಿ ಸೈಕಲ್ ಇಳಿಯೋದೇ ಇಲ್ಲ, ದೂರದಿಂದಲೇ ಕೈಯಾಡಿಸಿ ಹೋಗ್ತಾನೆ. ಕಾಗದ ಎಲ್ಲೋ ಕಳೆದಿರಬೇಕು ಅಂತ ಅಮ್ಮನಿಗೆ ಹೇಳಿದೆ. ನನಗೂ ಅದನ್ನೇ ಹೇಳಿಕೊಂಡೆ. ಗಿರಾಕಿ ಉತ್ತರ ಬರೆಯಲಿಲ್ಲ ಅಂದ್ರೆ ಮಾಲು ಒಪ್ಪಿಗೆಯಿಲ್ಲ ಅಂತ ತಿಳಿಯೋದು ನಮ್ಮ ಮಂಡಿ ಪದ್ಧತಿ. ಅದನ್ನ ಇಲ್ಲಿಗೂ ತರಬಾರದು ಅಂತ ಮನಸ್ಸನ್ನ ಬೈಕೊಂಡು ಇನ್ನೊಂದು ಬರೀತಿದೀನಿ.

ನಾನಿಲ್ಲದೆ ಹಾಯಾಗಿದ್ದೀರಿ ಅಂತ ನೀನು ಬರೆದಿದ್ದೆ. ಮನೇಲಿ ಮಲಗಿದರೆ ನಿದ್ದೆ ಬರೋದಿಲ್ಲ. ನೀನು ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ ಕುರ್ಚಿ ಹಾಗೇ ಇದೆ. ಅದರ ಮೇಲೆ ಯಾರೋ ಬಟ್ಟೆ ಇಟ್ಟಿದ್ದಕ್ಕೆ ಮೊನ್ನೆ ರೇಗಾಡಿದೆ. ಇಟ್ಟಿದ್ದು ನಾನೇ ಅಂತ ಆಮೇಲೆ ಗೊತ್ತಾಯ್ತು.

ಇನ್ನು ನಮ್ಮ ಬಾವಿ ಸಮಾಚಾರ. ಬಡಕಲು ಮೀನುಗಳು ಇದ್ದಕ್ಕಿದ್ದಂತೆ ದುಂಡಗಾಗತೊಡಗಿದವು. ಲೆಕ್ಕ ಉಲ್ಟಾ ಹೊಡೀತಲ್ಲ ಅಂತ ಬೆಳಗ್ಗೆ ಎದ್ದು ಹಿತ್ತಲಿಗೆ ಹೋದ್ರೆ, ಅಮ್ಮ ಬಾವಿಕಟ್ಟೆ ಹಿಡಕೊಂಡು ಮೊರದಿಂದ ಏನೋ ಉದುರಿಸ್ತಿದ್ದಾಳೆ.

‘ಏನಮ್ಮಾ ಅದು?’

‘ಪುರಿ ಕಣಪ್ಪ.’

‘ಬಾವಿಗಾ?’

‘ಬಾವಿಗ್ಯಾಕೆ, ಮೀನಿಗೆ. ತೊಟ್ಟೀಲಿರೋವಕ್ಕೆ ಹಿಂಡಿ ಹಾಕ್ತೀಯ. ಇವಕ್ಕೇನು ದಿನಾ ಸೋಮವಾರವಾ, ಉಪವಾಸ ಇರೋಕೆ? ಸೊಸೆ ಅಷ್ಟು ದೂರ ಹೋಗಿ ಓದ್ತಿರೋದೂ ಇವನ್ನೇ ತಾನೇ?’

‘ನೀರು ಓದ್ತಾಳೆ ಅಂದಿದ್ದೆನಲ್ಲಮ್ಮ.’

‘ಓದೋ ಅಂಥಾದ್ದು ಏನಪ್ಪ ಐತೆ ನೀರಲ್ಲಿ? ಹೋಗು, ಮೂತಿ ತೊಳ್ಕೋ.’

ಹೀಗಿದೆ ಮನೆ. ಎರಡು ಸಾಲು ಬರೆದರೂ ಸಾಕು.

ತೋಂಟದಾರ್ಯ


ಸರೋವರದ ಠಾಣೆ
4-8-1982

ರೀ,

ಕಾಗದ ಕಳೆದಿರಲಿಲ್ಲ. ಮೇ ತಿಂಗಳಿಂದ ನನ್ನ ಕೋಟಿನ ಜೇಬಿನಲ್ಲಿದೆ, ಮಡಿಕೆಯಲ್ಲಿ ಹರಿದಿದೆ. ಜುಲೈನದು ನಿನ್ನೆ ಬಂತು. ಕುರ್ಚಿಯ ಸಾಲು ಓದಿದ ಮೇಲೆ ಇನ್ನು ಸುಮ್ಮನಿರಲಾರೆ.

ಹೌದು, ಲೆಕ್ಕ ತಾಳೆಯಾಗುವುದಿಲ್ಲ. ಇನ್ನೂ ಮೂರು ವರ್ಷ ಇದ್ದು ಈ ಮರಿಗಳನ್ನು ಬೆಳೆಸಿ ಡಾಕ್ಟರೇಟು ಮುಗಿಸು ಎಂದು ಪ್ರೊಫೆಸರಮ್ಮ ಜನವರಿಯಲ್ಲೇ ಕೇಳಿದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಿಮಗೆ ಬರೆಯಲೂ ಇಲ್ಲ.

ಮರಿಗಳ ಮೇಲಿನ ಆಸೆಯೊಂದೇ ಕಾರಣವಲ್ಲ. ಎಂಟು ವರ್ಷ ನಾವು ಒಂದೇ ಮನೆಯಲ್ಲಿದ್ದೆವು. ನೀವು ಮಂಡಿಯಿಂದ ಬರುವಾಗ ನಾನು ಒಳಗೆ ಪೇಪರ್ ತಿದ್ದುತ್ತಿರುತ್ತಿದ್ದೆ. ನಾನು ಕಾಲೇಜಿಗೆ ಹೊರಡುವಾಗ ನೀವು ತೋಟದಲ್ಲಿ. ಬೇರೆ ಬೇರೆ ಹೊತ್ತಿನ ಊಟ, ಬೇರೆ ಬೇರೆ ಜನ, ಬೇರೆ ಬೇರೆ ಮಾತು. ಗೋಡೆ ಇರಲಿಲ್ಲ, ಜಗಳವೂ ಇರಲಿಲ್ಲ. ಇಲ್ಲಿ ಮೊದಲ ಸಲ ಬಲೆ ಎತ್ತಿ ಒಂದೇ ನೀರಿನ ಎರಡು ಮೀನನ್ನು ಪಕ್ಕಪಕ್ಕ ಮಲಗಿಸಿದಾಗ ನನಗೆ ಮನೆಯೇ ನೆನಪಾಯಿತು. ನಿಮಗೆ ಹೇಗೆ ಬರೆಯಲಿ?

ದೂರ ಬಂದ ಮೇಲೆ ನೀವು ಕೇಳತೊಡಗಿದಿರಿ, ನಾನು ಹೇಳತೊಡಗಿದೆ. ನನಗಾಗಿ ಬಾವಿಗೆ ಬುಟ್ಟಿ ಇಳಿಬಿಟ್ಟಿರಿ. ವಾಪಸು ಬಂದರೆ ಈ ಕಾಗದಗಳು ನಿಂತುಹೋಗುತ್ತವೆ, ನೀವು ಮತ್ತೆ ಮಂಡಿಗೆ, ನಾನು ಮತ್ತೆ ಪೇಪರಿಗೆ. ನನಗೆ ಹೆದರಿಕೆ ಅದರದು.

ನಿಮ್ಮ ಗೆಂಡೆಯ ವಿಷಯ. ಅತ್ತೆಯ ಪುರಿಯೇ ಉತ್ತರ ಹೇಳಿದೆ. ಅವು ಬೇರೆ ಮೀನಾಗಿರಲಿಲ್ಲ, ಹಸಿದಿದ್ದವು ಅಷ್ಟೆ. ಮೈ ಒಣಗಿದರೆ ಕಣ್ಣು ದೊಡ್ಡದಾಗಿ ಕಾಣುತ್ತದೆ. ಹಸಿವಿನಿಂದ ಬಂದ ಬೇರೆತನವೂ ರಕ್ತಕ್ಕಿಳಿದ ಬೇರೆತನವೂ ಹೊರಗಿನಿಂದ ನೋಡಿದರೆ ಒಂದೇ ಥರ ಇರುತ್ತವೆ. ಒಂದೇ ತೊಟ್ಟಿಗೆ ಬಿಟ್ಟು ಕಾದರೆ ಮಾತ್ರ ತಿಳಿಯುವುದು. ನಾವು ಯಾವ ಥರದವರೋ ನನಗೆ ತಿಳಿಯದು.

ನಾನು ಹೇಳಬಾರದ್ದು ಹೇಳಿದ್ದರೆ ಬೈಯಿರಿ. ಆದರೆ ಬರೆಯಿರಿ.

ದ್ರಾಕ್ಷಾಯಿಣಿ


ತಿಪಟೂರು
26-8-1982

ದ್ರಾಕ್ಷಾಯಿಣಿ,

ಬೈಯೋಕೆ ಅಂತ ಪೆನ್ನು ತಗೊಂಡೆ. ಶಾಯಿ ಒಣಗಿತ್ತು. ಶಾಯಿ ತುಂಬಿಸೋ ಹೊತ್ತಿಗೆ ಬೈಗಳು ಮರೆತುಹೋಯ್ತು.

ದುರ್ಗಯ್ಯನ್ನ ಕರೆಸಿ ಬಾವಿಯ ಗೆಂಡೆನೆಲ್ಲ ಹಿಡಿಸಿದೆ. ತೊಟ್ಟಿಗೆ ಬಿಡು ಅಂದೆ. ‘ಇವನ್ನ ಬೇರೆ ಮಾಡಿದ್ದೂ ನೀವೇ, ಕೂಡಿಸೋದೂ ನೀವೇ. ಯಜಮಾನ್ರೇ, ಪಂಚಾಯ್ತಿ ಮಾಡೋಕೆ ಮನುಷ್ಯರು ಸಿಗಲಿಲ್ವಾ?’ ಅಂದ. ಸಿಗಲಿಲ್ಲ ಕಣ್ಲಾ ಅಂದೆ.

ಮೊದಲಿಗೆ ಬಾವಿಯವು ಒಂದು ಮೂಲೆ, ತೊಟ್ಟಿಯವು ಒಂದು ಮೂಲೆ ಹಿಡಿದು ನಿಂತವು. ನಾನು ಹಿಂಡಿ ಹಾಕಿದರೆ ತೊಟ್ಟಿಯವು ಬರೋವು, ಅಮ್ಮ ಪುರಿ ಹಾಕಿದರೆ ಬಾವಿಯವು. ಆಮೇಲಾಮೇಲೆ ಯಾರು ಏನು ಹಾಕಿದರೂ ಎಲ್ಲ ಬರತೊಡಗಿದವು. ಈಗ ಯಾವುದು ಯಾವುದು ಅಂತ ಗುರುತು ಹೇಳು ಅಂದ್ರೆ ನನ್ನ ಕೈಲಾಗಲ್ಲ. ಒಂದು ಮಾತ್ರ ಇನ್ನೂ ತಳ ಬಿಟ್ಟಿಲ್ಲ. ಎಲ್ಲ ತಿಂದು ಹೋದ ಮೇಲೆ ಮೆಲ್ಲಗೆ ಎದ್ದು ಬರುತ್ತೆ. ಅಮ್ಮ ಅದಕ್ಕೇ ಅಂತ ಬೇರೆ ಹಿಡಿ ಪುರಿ ಇಟ್ಕೊಂಡಿರ್ತಾಳೆ, ‘ಇವನು ಥೇಟು ನನ್ನ ಮಗನೇ’ ಅಂತಾಳೆ.

ಮನೇಲೂ ಹಸಿವೇ ಇತ್ತು ಅಂತ ಕಾಣುತ್ತೆ ಕಣೇ. ನನಗೆ ಗೊತ್ತಾಗಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ತಿದ್ದೆನಲ್ಲ, ಅದಕ್ಕೆ.

ಕಣ್ಣು ಮೂಡಿದ ಮೊಟ್ಟೆಯಿಂದ ಸಾಕಿದ ಮರಿ. ಬಿಟ್ಟು ಬಾ ಅಂತ ಬರೆಯೋನು ನಾನಲ್ಲ. ಇದ್ದುಬಿಡು ಅಂತ ಎರಡು ಸಲ ಬರೆದು ಹೊಡೆದುಹಾಕಿದೆ. ಆದರೂ ಬರೀತೀನಿ. ಇರು. ಬಲಿತ ಮೇಲೆ ನೀನೇ ಅಳೆ.

ತೋಂಟದಾರ್ಯ


ಸರೋವರದ ಠಾಣೆ
19-9-1982

ರೀ,

ಕಾಲೇಜಿಗೆ ರಜೆ ಮುಂದುವರಿಸಲು ಬರೆದೆ. ಪ್ರೊಫೆಸರಮ್ಮನಿಗೆ ಹೂಂ ಅಂದೆ. ಅಂದವಳು ಹೊರಗೆ ಬಂದು ಸರೋವರದ ದಂಡೆಯಲ್ಲಿ ಬಹಳ ಹೊತ್ತು ನಿಂತೆ. ನೀವು ಬೇಡ ಅಂದಿದ್ದರೆ ಕೋಪ ಮಾಡಿಕೊಳ್ಳಬಹುದಿತ್ತು. ಇರು ಅಂದಿರಿ. ಈಗ ಯಾರ ಮೇಲೆ ಕೋಪ ಮಾಡಿಕೊಳ್ಳಲಿ?

ಕಾಯಿಗೆ ವರ್ಷ ತುಂಬಿತು. ನಿನ್ನೆ ಅಲ್ಲಾಡಿಸಿದೆ. ಗುಳುಗುಳು ಇಲ್ಲ, ಗಡಗಡವೂ ಇಲ್ಲ. ಸದ್ದೇ ಇಲ್ಲ. ಇನ್ನೊಂದು ಕಿವಿಗೆ ಹಿಡಿದು ನೋಡಿದೆ, ಅಲ್ಲೂ ಇಲ್ಲ. ಕೆಟ್ಟುಹೋಯಿತೇ? ಒಡೆದು ನೋಡಲೇ? ಕೈಗೆ ಕತ್ತಿ ತೆಗೆದುಕೊಂಡು ಮತ್ತೆ ಇಟ್ಟೆ.

ನಿಮ್ಮ
ದ್ರಾಕ್ಷಾಯಿಣಿ


ತಿಪಟೂರು
6-10-1982

ದ್ರಾಕ್ಷಾಯಿಣಿ,

ಒಡೀಬೇಡ.

ಕೆಟ್ಟಿಲ್ಲ. ಮೊದಲೇ ಹೇಳಿದ್ದೆನಲ್ಲ, ನಡುವೆ ಕೆಲವು ಕಾಲ ಏನೂ ಅನ್ನೋದಿಲ್ಲ ಅಂತ. ನೀರು ಹಿಂಗಿದೆ, ಕೊಬ್ಬರಿ ಇನ್ನೂ ಚಿಪ್ಪು ಹಿಡಿದಿದೆ. ಅಲ್ಲಿ ಚಳಿ, ಅದಕ್ಕೆ ತಡ. ಈ ಹೊತ್ತಲ್ಲಿ ಒಡೆದ್ರೆ ಚೂರು ಚೂರಾಗುತ್ತೆ, ಯಾವುದಕ್ಕೂ ಬರೋದಿಲ್ಲ. ಹೊಸಬರೆಲ್ಲ ಕೆಡಿಸಿಕೊಳ್ಳೋದು ಇಲ್ಲೇ, ಸದ್ದಿಲ್ಲ ಅಂತ ಗಾಬರಿಯಾಗಿ. ಬೆಂಕಿ ಹತ್ರ ಸ್ವಲ್ಪ ಸರಿಸಿ ಇಡು. ದಿನಾ ಅಲ್ಲಾಡಿಸಬೇಡ.

ಒಂದು ವಿಷಯ ನಾನೂ ಮುಚ್ಚಿಟ್ಟಿದ್ದೆ. ಮೇ ತಿಂಗಳಲ್ಲಿ ಲೆಕ್ಕದ ಕಾಗದ ಪೋಸ್ಟಿಗೆ ಹಾಕಿ, ಅದೇ ವಾರ ಬೆಂಗಳೂರಿಗೆ ಹೋಗಿ ಪಾಸ್‌ಪೋರ್ಟಿಗೆ ಕೊಟ್ಟು ಬಂದಿದ್ದೆ. ಉತ್ತರ ಬರಲಿಲ್ಲ, ಹೇಳೋಕೆ ನಾಚಿಕೆಯಾಯ್ತು. ಈಗ ಕೈಗೆ ಬಂದಿದೆ. ಫೋಟೋದಲ್ಲಿ ಬಾವಿಯ ಗೆಂಡೆ ಥರ ಇದೀನಿ, ಬರೀ ಕಣ್ಣು. ಮಂಡಿ ಬಸವರಾಜಪ್ಪನಿಗೆ ಒಪ್ಪಿಸಿದೀನಿ. ದೀಪಾವಳಿ ಮುಗಿಸಿ ಹೊರಡ್ತೀನಿ. ಎಷ್ಟು ದಿನ ಅಂತ ಕೇಳ್ಬೇಡ, ಆ ಚಳಿ ಎಷ್ಟು ದಿನ ಇಟ್ಕೊಳುತ್ತೋ ಅಷ್ಟು ದಿನ. ಇಂಗ್ಲಿಷ್ ಬರಲ್ಲ, ನಿಮ್ಮ ಪ್ರೊಫೆಸರಮ್ಮನ ಹತ್ರ ಹಿಂಡಿ ವಿಚಾರ ಮಾತಾಡ್ತೀನಿ.

ಅಮ್ಮ ಒಂದು ಚೀಲ ಪುರಿ ಕಟ್ಟಿಟ್ಟಿದ್ದಾಳೆ. ಆ ಕೆರೆಗೆ ಸಾಲುತ್ತಾ ಅಂತ ಕೇಳ್ತಾಳೆ. ತಳದಲ್ಲಿರೋವಕ್ಕೆ ಮೊದಲು ಹಾಕಬೇಕಂತೆ.

ಕಾಯಿ ಹಾಗೇ ಇರಲಿ. ಅದು ಮಾತಾಡೋವಾಗ ನಾನೂ ಅಲ್ಲಿರಬೇಕು.

ತೋಂಟದಾರ್ಯ